ಕನ್ಯಾಕುಮಾರಿಗೆ ಅಡ್ಡ ಬಂದ ನಿಂಬೆಹಣ್ಣು

ಸೈಕಲ್ಲಿನಲ್ಲಿ ದೇಶ ಸುತ್ತುವುದು ಅಂಥ ಕಷ್ಟವೇನಲ್ಲವೆಂದು, ಫೋನಿನಲ್ಲಿ ವಿಡಿಯೋ ನೋಡುತ್ತಾ ಮಲಗಿಕೊಂಡೇ ತೀರ್ಮಾನಿಸಿದೆ. ನಮ್ಮೂರು ಕೆರಗೋಡಿನಿಂದ ಮಂಡ್ಯ, ಮಳವಳ್ಳಿ ಮೇಲೆ ಮೊದಲು ಕನ್ಯಾಕುಮಾರಿ. ಅಲ್ಲಿಂದ ತಿರುಗಿಸಿಕೊಂಡು ಕಾಶ್ಮೀರ. ರಿಟೈರಾದ ಮೇಷ್ಟ್ರಿಗೆ ಇನ್ನೇನು ಕೆಲಸ?

"ಮೊದ್ಲು ಮಳವಳ್ಳಿ ದಾಟಿ. ದಾಟುದ್ರೆ ಮುಂದಿನ ಸಲ ನಾನೂ ಬತ್ತೀನಿ" ಎಂದಳು ಹೆಂಡತಿ ಸುನಂದ. ಮಳವಳ್ಳಿ ಅವಳ ತವರು. ಅವಳು ನಕ್ಕ ರೀತಿ ನನಗೆ ಹಿಡಿಸಲಿಲ್ಲ. ಆದರೆ ಅವಳೂ ಜೊತೆಗೆ ಬರುತ್ತಾಳೆಂಬ ಆಸೆ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹೊರಡುವ ದಿನ ಬೀದಿಯೇ ನೆರೆಯಿತು. ಬಾಲ್ಯದ ಗೆಳೆಯ ಶಿವಣ್ಣ, ಹೊಸ ಕಾರಿಗೆ ಮಾಡುವಂತೆ ಪೂಜೆ ಮಾಡಿ, ಎರಡೂ ಚಕ್ರದ ಮುಂದೆ ನಿಂಬೆಹಣ್ಣಿಟ್ಟ.

"ಲೇ, ಇದು ಕಾರಲ್ಲ ಕಣ್ಲಾ!"

"ಸಾಸ್ತ್ರ ಬುಡಕಾಯ್ತದಾ? ಅತ್ಸ್ಲಾ ಸುಮ್ನೆ!"

ಹತ್ತಿಸಿದೆ. ಕಾರಿನ ಕೆಳಗೆ ನಿಂಬೆಹಣ್ಣು ಪಚಕ್ಕನೆ ಒಡೆಯುತ್ತದೆ. ಸೈಕಲ್ಲಿನ ಕೆಳಗೆ ಉರುಳುತ್ತದೆ! ಕನ್ಯಾಕುಮಾರಿಯ ಕಡೆ ಮುಖ ಮಾಡಿದ್ದವನು ಚರಂಡಿಯ ಕಡೆ ಬಿದ್ದೆ. ಮಂಡಿ ಉಳುಕಿತು. ಜನ ಚಪ್ಪಾಳೆ ತಟ್ಟಿದರು. ಅದೂ ಶಾಸ್ತ್ರವೆಂದುಕೊಂಡರೋ ಏನೋ.

ಕೊರಳಿಗೆ ಹಾರ ಬಿದ್ದ ಮೇಲೆ ಮನೆಯೊಳಕ್ಕೆ ವಾಪಸು ಹೋಗುವುದು ಹೇಗೆ? ಹಲ್ಲು ಕಚ್ಚಿಕೊಂಡು ತುಳಿದೆ. ಕ್ಯಾರಿಯರಿನ ಮೇಲೆ ಬೀದಿಯವರು ಪ್ರೀತಿಯಿಂದ ಕಟ್ಟಿದ ರಾಗಿಹಿಟ್ಟು, ಹುರುಳಿಕಾಳು, ತೆಂಗಿನಕಾಯಿ. ಕನ್ಯಾಕುಮಾರಿಯಲ್ಲಿ ತೆಂಗಿನಕಾಯಿ ಸಿಗುವುದಿಲ್ಲವೆಂದು ಅವರಿಗೆ ಯಾರು ಹೇಳಿದರೋ! ಮಂಡ್ಯ ದಾಟುವಷ್ಟರಲ್ಲಿ ಮಂಡಿಯೂ ತೆಂಗಿನಕಾಯಿಯ ಗಾತ್ರಕ್ಕೆ ಬಂದಿತ್ತು. ಕಬ್ಬು ತುಂಬಿದ ಎತ್ತಿನಗಾಡಿಯೊಂದು ನನ್ನನ್ನು ಹಿಂದಕ್ಕೆ ಹಾಕಿ ಹೋಯಿತು. ಬಸ್ಸಿನ ಕಿಟಕಿಯಿಂದ ಯಾರೋ ಕೈಬೀಸಿದರು. ಅಭಿಮಾನಿಗಳೆಂದು ನಾನೂ ಬೀಸಿದೆ.

ಸಂಜೆ ಮಳವಳ್ಳಿಯ ಅತ್ತೆ ಮನೆ ಮುಂದೆ ಇಳಿದರೆ, ಜಗುಲಿಯ ಮೇಲೆ ಸುನಂದ ಕೂತಿದ್ದಾಳೆ!

"ಬಸ್ಸಿಂದ ಕೈಬೀಸ್ದೋಳು ನಾನೇ ಕಣ್ರೀ. ನೀವು ಬಿದ್ದಾಗ್ಲೇ ಗೊತ್ತಾಯ್ತು, ಇಲ್ಲಿ ಬಿಸ್ನೀರು ಬೇಕಾಯ್ತದೆ ಅಂತ."

ಬೆಳಿಗ್ಗೆ ಕಾಲು ಮಡಚಲೇ ಆಗಲಿಲ್ಲ. ಊರ ಕೊನೆಯ ಮನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ, ಆದರೂ ದಾಟಲಾರೆ! ನಿಜಕ್ಕೂ ಅಳು ಬಂತು.

ಸುನಂದ ನನ್ನ ಮುಖ ನೋಡಿದಳು. ಒಳಗೆ ಹೋಗಿ ತಂಗಿಯ ಚೂಡಿದಾರ ತೊಟ್ಟು ಬಂದಳು. ಕ್ಯಾರಿಯರಿನ ಮೂಟೆಗಳನ್ನೆಲ್ಲ ಬಿಚ್ಚಿ ಜಗುಲಿಗೆ ಹಾಕಿದಳು.

"ಈ ಊರಲ್ಲಿ ಇಸ್ಕೂಲಿಗೆ ಸೈಕಲ್ಲಲ್ಲೇ ಓಯ್ತಿದ್ದೋಳು ನಾನು. ಇಂದ್ಗಡೆ ಕುತ್ಕಳಿ!"

ಮೊದಲು ಸ್ವಲ್ಪ ಓಲಾಡಿದಳು. ಆಮೇಲೆ ತುಳಿದಳು ನೋಡಿ! ಕೊನೆಯ ಮನೆ ಹಿಂದಾಯಿತು.

"ದಾಟ್ದೋ ಅಲ್ವಾ? ಮಂಡಿ ವಾಸಿಯಾಗ್ಲಿ, ಇಬ್ರೂ ಓಗಣ. ನಂಗೂ ಒಂದು ಸೈಕಲ್ ತಕ್ಕೊಡಿ" ಎಂದಳು ಏದುಸಿರು ಬಿಡುತ್ತಾ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೀಗೆ, ದೇಶ ಸುತ್ತಲು ಹೊರಟ ನನ್ನ ಸೈಕಲ್ ಮಳವಳ್ಳಿ ದಾಟಿತು. ನಾನೂ ದಾಟಿದೆ. ರಾಗಿಹಿಟ್ಟು ಇಳಿಸಿದ ಜಾಗದಲ್ಲಿ ಕೂತು!