ದೊಡ್ಡವ್ವನ ಬೆಣ್ಣೆ ಕೈಗಳು

ಸಿರುಗುಪ್ಪದಲ್ಲಿರುವ ನಮ್ಮ ದೊಡ್ಡವ್ವನ ಫ್ರಿಜ್ಜಿನಲ್ಲಿ ಯಾರಾದರೊಬ್ಬ ಹೆಂಗಸಿನ ಕೈ ಇದ್ದೇ ಇರುತ್ತದೆ! ಬೆರಳು, ಉಗುರು, ಬಳೆ ಸಮೇತ, ಮಣಿಕಟ್ಟಿನ ತನಕ. ಪೊಲೀಸರಿಗೆ ಫೋನ್ ಮಾಡುವ ಮೊದಲು ಸ್ವಲ್ಪ ತಾಳಿ. ಆ ಕೈ ಬೆಣ್ಣೆಯದು. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ತಿರುವಿ ತಿರುವಿ ಕೇಕಿನ ಮೇಲೆ ಹಚ್ಚುತ್ತಾರಲ್ಲ, ಬಟರ್‌ಕ್ರೀಮ್, ಅದರದು. ಇಷ್ಟು ಗೊತ್ತಿದ್ದೂ ಮೊಸರು ತರಲು ಹೋದ ನಾನು ಎಷ್ಟೋ ಸಲ ಮೊಸರಿಲ್ಲದೆ ವಾಪಸ್ಸು ಬಂದಿದ್ದೇನೆ. ಗೊತ್ತಿಲ್ಲದವರ ಪಾಡು ಕೇಳುತ್ತೀರಾ? ಒಮ್ಮೆ ಫ್ರಿಜ್ ರಿಪೇರಿಗೆ ಬಂದವನು ಬಾಗಿಲು ತೆಗೆದ. ನೋಡಿದ. ಮೆಲ್ಲಗೆ ಮುಚ್ಚಿದ. "ಎಲ್ಲಾ ಸರಿ ಐತ್ರಿ" ಎಂದವನು ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಓಡಿದ. ಅದು ಇಂದಿಗೂ ನಮ್ಮಲ್ಲೇ ಇದೆ. ಡಬ್ಬಿಗಳ ಮುಚ್ಚಳ ತೆಗೆಯಲು ಬಹಳ ಅನುಕೂಲ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ನಮ್ಮದು ಗಾದಿ ಹೊಲಿಯುವ ಸಾಬರ ಮನೆತನ, ಮನೆಮಾತು ಕನ್ನಡ. ಹಾಗಾಗಿ ಊರಿಗೆಲ್ಲ ಖಾಲಾ ಆದವಳು ನನಗೆ ದೊಡ್ಡವ್ವ. ಸಿರುಗುಪ್ಪ, ಕರೂರು, ಸುತ್ತಲಿನ ಯಾವ ಊರಿನ, ಯಾವ ಜಾತಿಯ ಮದುವೆಯೇ ಇರಲಿ, ಹೆಣ್ಣಿಗೆ ಮೆಹಂದಿ ಹಚ್ಚಲು ಇವಳೇ ಬೇಕಿತ್ತು. ಅದರಿಂದ ಒಂದು ವಿಚಿತ್ರ ಆಗಿಬಿಟ್ಟಿದೆ. ಇವಳಿಗೆ ಯಾರ ಮುಖವೂ ನೆನಪಿರುವುದಿಲ್ಲ, ಕೈ ಮಾತ್ರ ನೆನಪಿರುತ್ತದೆ! ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಪಿಳಿಪಿಳಿ ನೋಡಿ, "ಕೈ ತೋರಸವಾ" ಅನ್ನುತ್ತಾಳೆ. ಅಂಗೈ ನೋಡಿದ ಮೇಲೆಯೇ, "ಹಾಂ, ಕರೂರಿನ ಸೊಸಿ! ನಿಮ್ಮತ್ತಿ ಇನ್ನಾ ಅದಾಳೇನು?"

ಈಗಿನ ಹುಡುಗಿಯರು ಮೆಹಂದಿಗೆ ಪಾರ್ಲರಿಗೆ ಹೋಗುತ್ತಾರೆ. ಕೆಲಸ ಕಡಿಮೆಯಾದಾಗ ದೊಡ್ಡವ್ವ ಫೋನಿನಲ್ಲಿ ಯಾರೋ ಬಟರ್‌ಕ್ರೀಮ್ ಮಾಡುವುದನ್ನು ನೋಡಿದಳು. "ಕೋನ್ ಅದ ಐತಿ. ಮೆಹಂದಿ ಬದ್ಲು ಬೆಣ್ಣಿ, ಅಷ್ಟ" ಎಂದು ಶುರು ಮಾಡಿದಳು. ಗುಲಾಬಿ ಹೂವು ಮಾಡು ಎಂದರೆ, "ಹೂವು ಎಲ್ಲಾರೂ ಮಾಡ್ತಾರ. ನಾನು ಕೈ ಮಾಡಾಕಿ" ಎಂದಳು. ಯಾವ ಹೆಂಗಸಿನ ಹುಟ್ಟುಹಬ್ಬವೋ ಕೇಕಿನ ಮೇಲೆ ಆ ಹೆಂಗಸಿನದೇ ಕೈ. ಅದೂ ಮದುವೆಯ ದಿನ ಹೇಗಿತ್ತೋ ಹಾಗೇ, ಅಂದಿನ ಮೆಹಂದಿಯ ಬಳ್ಳಿ ಸಮೇತ.

ನನಗೆ ಬೇಕಾಗಿದ್ದದ್ದು ಒಂದೇ ಕೈ. ನನ್ನ ಅವ್ವನದು.

ನಾನು ಇನ್ನೂ ಎದೆಹಾಲು ಕುಡಿಯುವಾಗಲೇ ಅವ್ವ ತೀರಿಕೊಂಡಳು. ಸಾಕಿದವಳು ದೊಡ್ಡವ್ವ. ಮನೆಯಲ್ಲಿ ಅವ್ವನ ಒಂದು ಫೋಟೊ ಇದೆ, ಮದುವೆಯದು. ಮುಖದ ತುಂಬ ಹೂವಿನ ಸೆಹರಾ, ಎರಡೂ ಕೈ ಸೆರಗಿನೊಳಗೆ! ನನ್ನ ಪಾಲಿಗೆ ಅವ್ವ ಎಂದರೆ ಒಂದು ಮಲ್ಲಿಗೆ ಪರದೆ. ಅವಳ ಕೈಗೆ ಮೆಹಂದಿ ಹಚ್ಚಿದವಳು ದೊಡ್ಡವ್ವನೇ. ಊರ ಕೈಗಳೆಲ್ಲ ನೆನಪಿರುವವಳಿಗೆ ಒಡಹುಟ್ಟಿದವಳ ಕೈ ಮರೆತು ಹೋದೀತೆ? ಕೇಳಿದಾಗಲೆಲ್ಲ ಒಂದೊಂದು ನೆವ. ಬೆಣ್ಣಿ ಹಳದಿ ಐತಿ. ಸಕ್ರಿ ದಪ್ಪ ಐತಿ. ಕರೆಂಟ್ ಹೋಗ್ತೈತಿ. ಒಮ್ಮೆಯಂತೂ, "ಗಾಳಿ ಸರಿ ಇಲ್ಲ" ಎಂದಳು. ಕೇಕಿಗೂ ಗಾಳಿಗೂ ಏನು ಸಂಬಂಧ? ಹಾಯಿದೋಣಿ ಬಿಡುತ್ತಿದ್ದಾಳೆಯೇ?

ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಬೆಣ್ಣೆಯನ್ನು ನಿಲ್ಲಿಸುವುದು ಹುಡುಗಾಟವಲ್ಲ, ಅದನ್ನು ಒಪ್ಪುತ್ತೇನೆ. ಮಧ್ಯಾಹ್ನ ಒಳಕೋಣೆಯ ಕಿಟಕಿಗಳಿಗೆ ಒದ್ದೆ ಗೋಣಿತಟ್ಟು ಕಟ್ಟುತ್ತಾಳೆ. ಹಾಡುಹಗಲೇ ಕತ್ತಲು, ತಣ್ಣನೆ ಗೋಣಿಯ ವಾಸನೆ. ಪರಾತದಲ್ಲಿ ಐಸು, ಅದರ ಮೇಲೆ ಸ್ಟೀಲಿನ ಬೋಗುಣಿ. ಎಮ್ಮೆಯ ಬೆಣ್ಣೆಯನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಬಿಳಿಚಿಕೊಂಡು ಹಗುರಾಗುವ ತನಕ ತಿರುವುತ್ತಾಳೆ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆಯನ್ನು ಹಳೆ ಓಢಣಿಯಲ್ಲಿ ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ಸೇರಿಸುತ್ತಾಳೆ. ಒಂದು ಹರಳು ಉಳಿದರೂ ಕೋನಿನ ಬಾಯಿ ಕಟ್ಟಿಕೊಳ್ಳುತ್ತದೆ. ಕೊನೆಗೆ ನಾಲ್ಕು ಹನಿ ವೆನಿಲಾ. ಮೆಹಂದಿಯ ಬಣ್ಣಕ್ಕೆಂದು ಸ್ವಲ್ಪ ತೆಗೆದಿಟ್ಟು ಅದಕ್ಕೆ ಕೋಕೋ ಪುಡಿ.

ಇಲ್ಲಿಯ ತನಕ ಎಲ್ಲ ಸರಿ. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಬದನೆಕಾಯಿ ಹೆಚ್ಚುತ್ತ ಕೂತಿದ್ದೆ. ಮುಚ್ಚಿದ ಬಾಗಿಲ ಹಿಂದೆ ದೊಡ್ಡವ್ವನ ದನಿ ಕೇಳಿತು. "ಬೆರಳು ಬಿಚ್ಚವಾ. ಗಟ್ಟಿ ಹಿಡೀಬ್ಯಾಡ. ನಡುಗತೀ ಯಾಕ? ಒಳ್ಳೇ ಮನಿಗೇ ಹೊಂಟೀದಿ." ಯಾರೋ ಬಂದಿದ್ದಾರೆ ಎಂದುಕೊಂಡು ಎರಡು ಕಪ್ ಚಹಾ ಮಾಡಿ ಒಳಗೆ ಒಯ್ದೆ. ಯಾರೂ ಇಲ್ಲ! ಮೇಜಿನ ಮೇಲೆ ಬಿಳಿ ಕೈಯೊಂದು ಅಂಗಾತ ಮಲಗಿತ್ತು.

"ಯಾರ ಜೊತಿ ಮಾತಾಡಾಕ ಹತ್ತಿದ್ದಿ?" ಎಂದೆ.

"ಚಾ ಅಲ್ಲೇ ಇಡು."

"ಎರಡೂ ಕಪ್ಪಾ?"

"ಎರಡೂ ಇಡು."

ಆಮೇಲೆ ಹೋಗಿ ನೋಡಿದರೆ ಎರಡೂ ಖಾಲಿ. ಅವಳೇ ಕುಡಿದಿರಬೇಕು. ನಾನು ಹಾಗೆಯೇ ನಂಬಿದ್ದೇನೆ, ದಯವಿಟ್ಟು ನೀವೂ ನಂಬಿ.

ಆ ಕೈ ಸಿರುಗುಪ್ಪದ್ದೇ ಒಂದು ರೈಸ್‌ಮಿಲ್ಲಿನವರ ಮನೆಗೆ ಹೋಯಿತು, ಯಜಮಾನಿಯ ಹುಟ್ಟುಹಬ್ಬಕ್ಕೆ. ಮೇಣದಬತ್ತಿ ಹಚ್ಚಿ, ಲೈಟು ಆರಿಸಿ, ಡಬ್ಬಿಯ ಮುಚ್ಚಳ ತೆಗೆದರು. ಬೆಳಕು ಅಲ್ಲಾಡಿದ ಹಾಗೆ ಬೆರಳುಗಳೂ ಅಲ್ಲಾಡಿದವಂತೆ. ಹೆಂಗಸರು ಕಿಟಾರನೆ ಕಿರುಚಿದರು. ಯಜಮಾನಿ ತನ್ನ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಇನ್ನು ಚಾಕು ಹಾಕುವವರಾರು? ಗಂಡ, "ನನಗ ಉಣ್ಣಾಕ ಹಾಕಿದ ಕೈ ಅದು, ನನ್ನ ಕೈಲಿ ಆಗಂಗಿಲ್ಲ" ಎಂದು ಕಣ್ಣೊರೆಸಿಕೊಂಡ. ಆಗ ಮೂಲೆಯಲ್ಲಿದ್ದ ಅವಳ ಅತ್ತೆ ಮಂಡಿ ಹಿಡಿದು ಎದ್ದಳು. "ಕೊಡಿಲ್ಲೆ ಚಾಕು, ನಾ ಕೊಯ್ತೀನಿ!"

ಹೆಬ್ಬೆರಳಿನಿಂದ ಶುರು ಮಾಡಿದಳಂತೆ.

ಬಳ್ಳಾರಿಗೂ ಕೈಗಳು ಹೋಗತೊಡಗಿದವು. ನನ್ನ ಗಂಡನ ಮನೆ ಇರುವುದು ಬಳ್ಳಾರಿಯಲ್ಲಿ, ಸಿರುಗುಪ್ಪಕ್ಕೆ ಆಗಾಗ ಬಂದು ಹೋಗುತ್ತಿರುತ್ತೇನೆ, ಹಾಗಾಗಿ ಬಸ್ಸಿನಲ್ಲಿ ಡಬ್ಬಿ ಹಿಡಿದು ಕೂರುವ ಭಾಗ್ಯ ನನ್ನದು. ಒಮ್ಮೆ ಕಂಡಕ್ಟರ್, "ಏನೈತ್ರಿ ಅದ್ರಾಗ?" ಎಂದ.

"ಕೈ" ಎಂದಳು ದೊಡ್ಡವ್ವ.

"ಯಾರ್ದು?"

"ಗಾಂಧಿನಗರದ ಒಬ್ಬ ಟೀಚರಮ್ಮಂದು."

ಕಂಡಕ್ಟರ್ ಮುಚ್ಚಳ ಸರಿಸಿ ನೋಡಿ ಬೆವತ. ಆದರೂ ಸರ್ಕಾರಿ ಮನುಷ್ಯ, ಸೋಲುತ್ತಾನೆಯೇ? "ಲಗೇಜ್ ಟಿಕೆಟ್ ಆಗತೈತ್ರಿ" ಎಂದ.

"ಹೆಣ್ಣುಮಗಳ ಕೈಯಪ್ಪಾ. ಹೆಂಗಸರಿಗೆ ಫ್ರೀ ಅಲ್ಲೇನು?"

"ಹಂಗಾರ ಆಧಾರ್ ತೋರಸ್ರಿ!"

"ಬೆರಳಿನ ಗುರ್ತೇ ಅದಾವಲ್ಲೋ, ಒತ್ತಿಸಿಕೋ!"

ಬಳ್ಳಾರಿ ಬರುವ ತನಕ ಅವನು ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ನಗಬೇಡಿ. ಕುರುಗೋಡಿನ ಸಂಗತಿ ಕೇಳಿದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಗಿದೆ. ಅಲ್ಲಿಯ ಒಬ್ಬಳು ತನ್ನ ತಾಯಿಯ ಹುಟ್ಟುಹಬ್ಬಕ್ಕೆಂದು ಕೇಕ್ ಹೇಳಿದ್ದಳು. ಹೊರಡುವ ಹಿಂದಿನ ದಿನ ಫ್ರಿಜ್ ತೆಗೆದು ನೋಡುತ್ತೇನೆ, ಕೈಯ ಉಂಗುರದ ಬೆರಳು ಸೊಟ್ಟಗಿದೆ. "ಇದೇನಿದು?" ಎಂದರೆ, "ಅದು ಹಂಗ ಬಂತು" ಎಂದಳು ದೊಡ್ಡವ್ವ. ಮರುದಿನ ಕುರುಗೋಡಿಗೆ ಹೋದೆವು. ಆ ತಾಯಿ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಬಲಗೈಗೆ ಪಟ್ಟಿ, ಉಂಗುರದ ಬೆರಳು ಸೊಟ್ಟ! ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಯಾರೂ ಮುಚ್ಚಳ ತೆಗೆಯಲಿಲ್ಲ, ದೊಡ್ಡವ್ವನೇ ತೆಗೆದಳು. ತಾಯಿಯ ಕೈಯನ್ನೊಮ್ಮೆ, ಕೇಕನ್ನೊಮ್ಮೆ ನೋಡಿದ ಮಗಳು ಗೋಡೆಗೆ ಒರಗಿದಳು.

"ಬಿಸಲಾಗ ಬೆಣ್ಣಿ ಜಾರೈತಿ ನೋಡವಾ" ಎಂದಳು ದೊಡ್ಡವ್ವ ತಣ್ಣಗೆ. ಜಾರಿದ್ದು ಬಿಸಿಲಿಗಲ್ಲ ಎಂದು ನನಗೆ ಗೊತ್ತಿತ್ತು. ಮುಂದೆ ನಡೆದದ್ದು ಇನ್ನೂ ಚೆಂದ. ಕೆಲವು ದಿನ ಬಿಟ್ಟು ಅದೇ ಮಗಳ ಫೋನ್ ಬಂತು. "ಖಾಲಾ, ಇನ್ನೊಂದು ಕೇಕ್ ಮಾಡಿಕೊಡ್ರಿ. ಈ ಸಲ ಬೆರಳು ನೆಟ್ಟಗ ಇರ್ಲಿ. ಡಾಕ್ಟರು ಪಟ್ಟಿ ಬಿಚ್ಚಾಕಿಂತ ಮೊದ್ಲು ಬೇಕು!" ಮಾಡಿಕೊಟ್ಟಳು. ಬೆರಳು ನೆಟ್ಟಗಾಯಿತು. ಅದು ಡಾಕ್ಟರರ ಪುಣ್ಯವೋ ಬೆಣ್ಣೆಯದೋ ಎಂಬ ಬಗ್ಗೆ ಕುರುಗೋಡಿನಲ್ಲಿ ಈಗಲೂ ಎರಡು ಪಕ್ಷಗಳಿವೆ.

ಆ ಎರಡನೆಯ ಕೇಕ್ ಕೊಟ್ಟು ಬರುವಾಗ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಊರವರ ಮುರಿದ ಬೆರಳೆಲ್ಲ ಮಾಡ್ತಿ. ನಮ್ಮವ್ವನ ಕೈ ಯಾಕ ಮಾಡವಲ್ಲಿ? ಮರ್ತೀಯೇನು?"

ಈ ಸಲ ನೆವ ಬರಲಿಲ್ಲ. ದೊಡ್ಡವ್ವ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಮರೀತಾರೇನಲೇ? ಆಕಿಗೆ ಕಡೀ ಜಳಕ ಮಾಡಿಸಿದಾಕಿ ನಾನು. ಆ ಕೈ ಕಡೀಕ ಹಿಡದಾಕಿ ನಾನು. ಐಸಿನಂಗಿತ್ತು. ಮೆಹಂದಿ ಹಚ್ಚಿದ ಕೈ ನೆನಸಾಕ ಹೋಗ್ತೀನಿ, ಅದು ಬರಂಗಿಲ್ಲ, ತಣ್ಣಂದ ಬರ್ತೈತಿ. ಈ ಬೆಣ್ಣೀನೂ ತಣ್ಣಗ ಇರ್ತೈತಿ. ಮುಟ್ಟಿದ್ರ ಮತ್ತ ಆಕೀನ್ನ ತೊಳದಂಗ ಆಕ್ಕೈತಿ. ಹೆಂಗ ಮಾಡ್ಲಿ, ಹೇಳು?"

ಸಿರುಗುಪ್ಪದ ಬಸ್ಸು ಬಂತು, ಹತ್ತಿದೆವು. ಇನ್ನು ಜನ್ಮದಲ್ಲಿ ಆ ಕೈ ಕೇಳಬಾರದು ಎಂದುಕೊಂಡೆ.

ಕೇಳಲಿಲ್ಲ. ಹೋದ ಬೇಸಿಗೆಯಲ್ಲಿ ಅವಳೇ ಫೋನ್ ಮಾಡಿ, "ಬಾ" ಎಂದಳು. ಅಷ್ಟೇ ಹೇಳಿ ಇಟ್ಟಳು. ಹೋದೆ. ಒಳಕೋಣೆಯ ಕತ್ತಲಲ್ಲಿ, ಮೇಜಿನ ಮೇಲೆ, ಒಂದು ಕೈ.

ಸಣ್ಣ ಕೈ. ನನ್ನದಕ್ಕಿಂತ ಸಣ್ಣದು. ಉಗುರು ಗಿಡ್ಡ. ಹೆಬ್ಬೆರಳಿನ ಪಕ್ಕ, ಗಾದಿ ಹೊಲಿಯುವ ದಬ್ಬಣ ಚುಚ್ಚಿ ಚುಚ್ಚಿ ಗಟ್ಟಿಯಾದ ಜಾಗ. ಅಂಗೈ ತುಂಬ ಕಂದು ಬಳ್ಳಿ, ಕಿರುಬೆರಳಲ್ಲಿ ಮಾತ್ರ ಬಳ್ಳಿ ಸ್ವಲ್ಪ ಅಲುಗಿತ್ತು. "ಹಚ್ಚುವಾಗ ಆಕಿ ನಕ್ಕಿದ್ಲು, ಅದಕ್ಕ ಹಂಗಾತು" ಎಂದಳು ದೊಡ್ಡವ್ವ. ನನ್ನ ಅವ್ವ ನಗುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದು ಹಾಗೆ. ಇಷ್ಟು ವಯಸ್ಸಾದ ಮೇಲೆ.

ಐಸು ಕರಗಿ ಹೋಗಿತ್ತು. ಬೆರಳ ತುದಿಗಳು ಹೊಳೆಯತೊಡಗಿದ್ದವು. ನಾನು ಗಾಬರಿಯಾಗಿ ತಟ್ಟೆ ಎತ್ತಿಕೊಂಡು ಫ್ರಿಜ್ಜಿನ ಕಡೆ ಹೊರಟೆ.

"ಇಡಬ್ಯಾಡ" ಎಂದಳು.

"ಕರಗತೈತಿ, ದೊಡ್ಡವ್ವ!"

"ಕರಗ್ಲಿ. ಆಕಿ ತಣ್ಣಗಿದ್ದದ್ದು ಸಾಕು."

ನಾನು ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟೆ. ಅವಳು ಎದ್ದು ಹೋಗಿ ಕಿಟಕಿಯ ಗೋಣಿತಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಸಿರುಗುಪ್ಪದ ಬಿಸಿಲು ಮೇಜಿನ ತನಕ ಬಂತು. ನಾವಿಬ್ಬರೂ ಆಚೆ ಈಚೆ ಕೂತು ಕಾದೆವು. ಆಮೇಲೆ ಅವಳು ನನ್ನ ಮಣಿಕಟ್ಟು ಹಿಡಿದು, ನನ್ನ ಕೈಯನ್ನು ಆ ಕೈಯ ಮೇಲೆ ಇಟ್ಟಳು.

ಅವ್ವನ ಕೈ ಬೆಚ್ಚಗಿತ್ತು.