ಡೊಳ್ಯಾನ ಓಟಕ್ಕೆ ಅಕ್ಕ ಹಾಕಿದ ಲೆಕ್ಕ

ರೋಗಿಗಳನ್ನು ನೋಡಲು ಹೋಗುವಾಗ ಏನು ಒಯ್ಯಬೇಕು ಎಂಬುದನ್ನು ನಮ್ಮ ಕಡೆಯ ಜನ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ: ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡು ಮತ್ತು ಒಂದು ಉದ್ದನೆಯ ಮುಖ. ರೋಗಿಗೆ ನುಂಗಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಅಕ್ಕ ಹಾಸಿಗೆ ಹಿಡಿದ ಮೇಲೆ ಬೈಲಹೊಂಗಲದ ನಮ್ಮ ಮನೆಗೆ ಬಂದ ಬಾಳೆಹಣ್ಣನ್ನೆಲ್ಲ ನಾನು, ನನ್ನ ಹೆಂಡತಿ ಸುಧಾ ಮತ್ತು ಓಣಿಯ ದನಗಳು ಹಂಚಿಕೊಂಡು ತಿಂದೆವು. ಉದ್ದನೆಯ ಮುಖಗಳನ್ನು ಮಾತ್ರ ಅಕ್ಕ ಒಬ್ಬಳೇ ಅರಗಿಸಿಕೊಳ್ಳಬೇಕಾಗುತ್ತಿತ್ತು. ಇಂಥ ಮನೆಯಲ್ಲಿ, ನಲವತ್ತನಾಲ್ಕು ವರ್ಷ ವಯಸ್ಸಿನ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂಡುವ ನಾನು ಎಂಟು ತಿಂಗಳು ಮಕ್ಕಳ ವಿಡಿಯೊ ಗೇಮ್ ಆಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಡಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಆಡಿದವಳು ಅಕ್ಕ. ನಾನು ಬರೀ ಗುಂಡಿ ಒತ್ತಿದವನು, ಅದನ್ನೂ ತಪ್ಪು ಒತ್ತಿದವನು.

ಅಕ್ಕನ ಹೆಸರು ವೈಜಯಂತಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾಗಲಿಲ್ಲ, ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದಳು. ಹೋದ ವರ್ಷ ಅವಳ ಬೆರಳಿನಿಂದ ಸೀಮೆಸುಣ್ಣ ಜಾರತೊಡಗಿತು. ಆಮೇಲೆ ತುತ್ತು, ಆಮೇಲೆ ಬಾಗಿಲ ಚಿಲಕ. ಬೆಳಗಾವಿಯ ನರರೋಗದ ಡಾಕ್ಟರು ಸಮಾಧಾನದಿಂದ ಎಲ್ಲವನ್ನೂ ಬಿಡಿಸಿ ಹೇಳಿದರು. ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುತ್ತವೆ. ಮೊದಲು ಕೈಕಾಲು, ಆಮೇಲೆ ಮಾತು, ನುಂಗುವುದು, ಕಡೆಗೆ ಉಸಿರು. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಔಷಧಿ ಇಲ್ಲ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅಕ್ಕನೇ ಮಾತು ತೆಗೆದಳು. "ಅಂದ್ರ ಎಲ್ಲಾ ಬಂದ್ ಆಗಿ ತಲಿ ಒಂದು ಚಾಲೂ ಇರ್ತದ ಅಂತಾಯ್ತು. ನಮ್ಮ ಹೆಡ್‌ಮಾಸ್ತರದು ಇದರ ಉಲ್ಟಾ ನೋಡು."

ಅವಳನ್ನು ನಮ್ಮ ಮನೆಗೆ ಕರೆತಂದೆವು. ಎರಡು ತಿಂಗಳಲ್ಲಿ ಕೈ ಪೂರ್ತಿ ನಿಂತಿತು. ಬಂದವರು ಬಾಳೆಹಣ್ಣಿನ ಜೊತೆ ವೇದಾಂತದ ಪುಸ್ತಕಗಳನ್ನೂ ತಂದು ದಿಂಬಿನ ಪಕ್ಕ ಪೇರಿಸಿದರು. ಒಂದು ರವಿವಾರ ನಾನು ಅದರಲ್ಲೊಂದನ್ನು ಓದಿ ಹೇಳುತ್ತಿದ್ದಾಗ ಅಕ್ಕ ನಡುವೆಯೇ ತಡೆದು ಕೇಳಿದಳು: "ರಾಘ್ಯಾ, ಡೊಳ್ಯಾ ಈಗ ಎಲ್ಲಿದ್ದಾನೋ?"

ಡೊಳ್ಯಾ ನಮ್ಮ ನೆಂಟನಲ್ಲ. ನಾವು ಚಿಕ್ಕಂದಿನಲ್ಲಿ ಕಿತ್ತೂರಿನಲ್ಲಿದ್ದಾಗ, ಮುಂಬೈಯಿಂದ ಬಂದ ಮಾಮಾ ನಮಗೊಂದು ವಿಡಿಯೊ ಗೇಮ್ ತಂದುಕೊಟ್ಟಿದ್ದ. ಟಿವಿಗೆ ಜೋಡಿಸಿ ಆಡುವಂಥದ್ದು. ಜೊತೆಗಿದ್ದ ಒಂದೇ ಕ್ಯಾಸೆಟ್ಟಿನ ಮೇಲೆ ಹೆಸರೂ ಇರಲಿಲ್ಲ. ಅದರಲ್ಲಿ ಹೊಟ್ಟೆ ಬಂದ ಒಬ್ಬ ಸಣ್ಣ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾನೆ, ಕುಣಿಗಳನ್ನು ಹಾರುತ್ತಾನೆ, ಏಡಿಗಳ ತಲೆ ಮೇಲೆ ಕುಪ್ಪಳಿಸುತ್ತಾನೆ. ಡೊಳ್ಳು ಹೊಟ್ಟೆಯವನು, ಆದ್ದರಿಂದ ಡೊಳ್ಯಾ. ಎಂಟು ಹಂತಗಳ ಆ ಆಟವನ್ನು ಹದಿನೈದು ವರ್ಷದ ಅಕ್ಕ ಕರೆಂಟು ಹೋಗುವುದರೊಳಗೆ ಮುಗಿಸುತ್ತಿದ್ದಳು. ನಾನು ಎರಡನೆಯ ಹಂತವನ್ನು ಇಂದಿಗೂ ದಾಟಿಲ್ಲ.

ಇಂಟರ್ನೆಟ್ಟಿನಲ್ಲಿ ಏನೇನೋ ಸಿಗುತ್ತದೆ, ಡೊಳ್ಯಾನೂ ಸಿಕ್ಕ. ಲ್ಯಾಪ್‌ಟಾಪನ್ನು ಅಕ್ಕನ ಎದುರಿಗಿಟ್ಟು ಭಕ್ತಿಯಿಂದ ಆಡಿ ತೋರಿಸಿದೆ. ಮೊದಲ ಕುಣಿಯಲ್ಲೇ ಆರು ಸಲ ಬಿದ್ದು ಸತ್ತೆ. "ಸಾಕು ಮಾರಾಯಾ, ಈ ರೋಗಕ್ಕಿಂತ ಇದನ್ನ ನೋಡೋದು ತ್ರಾಸ ಅದ," ಎಂದಳು. ಆದರೆ ಆಟ ಸಿಕ್ಕ ಜಾಗದಲ್ಲೇ ಇನ್ನೊಂದು ವಿಚಾರವೂ ಸಿಕ್ಕಿತ್ತು. ಇಂಥ ಹಳೆಯ ಆಟಗಳನ್ನು ಅತ್ಯಂತ ಕಡಿಮೆ ಸಮಯದಲ್ಲಿ ಮುಗಿಸುವುದನ್ನೇ ಒಂದು ಕಸುಬು ಮಾಡಿಕೊಂಡವರು ಲೋಕದಲ್ಲಿದ್ದಾರೆ. ಅವರಲ್ಲೇ ಒಂದು ಪಂಗಡ ಕೈಚಳಕವನ್ನು ನಂಬುವುದಿಲ್ಲ. ಅವರು ಕಂಪ್ಯೂಟರಿನಲ್ಲಿ ಆಟವನ್ನು ಸೆಕೆಂಡಿಗೆ ಅರವತ್ತು ತುಂಡು ಮಾಡುತ್ತಾರೆ. ಒಂದೊಂದು ತುಂಡೂ ಒಂದು ಫ್ರೇಮು. ಪ್ರತಿ ಫ್ರೇಮಿನಲ್ಲಿ ಆಟ ನಿಂತು ಕಾಯುತ್ತದೆ. ಯಾವ ಗುಂಡಿ ಒತ್ತಬೇಕೆಂದು ಒಂದು ದಿನ ಬೇಕಾದರೂ ಯೋಚಿಸಬಹುದು. ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದಬಹುದು. ಹೀಗೆ ಸಾವಿರಾರು ಫ್ರೇಮುಗಳನ್ನು ಪೋಣಿಸಿ, ಕಡೆಗೆ ಒಂದೇ ಓಟದಲ್ಲಿ ಓಡಿಸಿದರೆ, ಯಾವ ಮನುಷ್ಯನೂ ಆಡಲಾರದಷ್ಟು ವೇಗವಾಗಿ ಆಟ ಮುಗಿಯುತ್ತದೆ. ಇದಕ್ಕೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ ಎನ್ನುತ್ತಾರೆ. ಡೊಳ್ಯಾನ ಆಟಕ್ಕೆ ಇದನ್ನು ಯಾರೂ ಮಾಡಿರಲಿಲ್ಲ. ಅಷ್ಟು ಬಡ ಆಟ ಅದು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕ ಕೇಳಿದಳು: "ಅಂದ್ರ ಕೈ ಬೇಕಾಗಿಲ್ಲ?"

"ಒಬ್ಬರವು ಬೇಕು. ನನ್ನವು ಅದಾವಲ್ಲ."

"ನಿನ್ನವು ಕೈ ಅಲ್ಲೋ, ಶಾಕಾಹಾರಿ ಏಡಿ. ಇರ್ಲಿ, ಗ್ರಾಫ್ ಪುಸ್ತಕ ತಗೊಂಡ ಬಾ."

ಮರುದಿನದಿಂದಲೇ ಯೋಜನೆ ಶುರುವಾಯಿತು. ಕಚೇರಿಯಿಂದ ಬಂದು ಚಹಾ ಕುಡಿದು ಆರು ಗಂಟೆಗೆ ಕೂತರೆ ಎಂಟರವರೆಗೆ. ರವಿವಾರ ಇಡೀ ದಿನ. ಮೊದಲ ಒಂದು ತಿಂಗಳು ಗುಂಡಿಯನ್ನೇ ಒತ್ತಲಿಲ್ಲ. ಹಂತ ಹಂತವಾಗಿ ನಕಾಶೆ ಬರೆಸಿದಳು. ಕುಣಿ ಎಷ್ಟು ಅಗಲ, ಏಡಿ ಎಷ್ಟನೆಯ ಫ್ರೇಮಿನಲ್ಲಿ ತಿರುಗುತ್ತದೆ, ಡೊಳ್ಯಾ ನೆಲ ಮುಟ್ಟಿದಾಗ ಎಷ್ಟು ವೇಗ ಕಳೆದುಕೊಳ್ಳುತ್ತಾನೆ. ಅಕ್ಕ ಹೇಳುವುದು, ನಾನು ಬರೆಯುವುದು. ಅಕ್ಷರ ಓರೆಯಾದರೆ ಅಳಿಸಿ ಬರೆಸುತ್ತಿದ್ದಳು. "ಹದಿನೇಳರಾಗ ಜಿಗಿ ಅಂದ್ರ ಹದಿನೆಂಟರಾಗ ಯಾಕ ಜಿಗದಿ?" ಎಂದು ಕೇಳುವಾಗ ಅವಳ ದನಿಗೆ ರಾಮದುರ್ಗದ ಇಪ್ಪತ್ತೆರಡು ಬ್ಯಾಚಿನ ಮಕ್ಕಳು ನಡುಗಿದ್ದು ಯಾಕೆಂದು ನನಗೆ ತಿಳಿಯಿತು. ಬೆನ್ನನ್ನು ಗೋಡೆಗೆ ಹಚ್ಚಿ ಜಿಗಿದರೆ ಡೊಳ್ಯಾ ಒಂದಿಷ್ಟು ಮುಂದಕ್ಕೆ ಸಿಡಿಯುತ್ತಾನೆಂದು ಅವಳು ಲೆಕ್ಕದಲ್ಲೇ ಕಂಡುಹಿಡಿದಳು. ನಾನು ಒತ್ತಿ ನೋಡಿದಾಗ ಅದು ನಿಜವಾಯಿತು. ಆ ಸಂಜೆ ಅಕ್ಕ ಗಂಜಿ ಪೂರ್ತಿ ಕುಡಿದಳೆಂದು ಸುಧಾ ಕಣ್ಣೊರೆಸಿಕೊಂಡಳು.

ಸಮಸ್ಯೆಯೆಂದರೆ ಬರುವವರದು. ಸವದತ್ತಿಯಿಂದ ನಮ್ಮ ಕಾಕಾನ ಮಗ ಗೋಪಣ್ಣ ಹೆಂಡತಿಯೊಂದಿಗೆ ಬಂದ ದಿನ ಡೊಳ್ಯಾ ಮೂರನೆಯ ಹಂತದ ದೊಡ್ಡ ಕುಣಿಯ ಮೇಲೆ ಗಾಳಿಯಲ್ಲಿದ್ದ. ಹಾಗೇ ನಿಲ್ಲಿಸಿದೆ. ಗೋಪಣ್ಣ ಪರದೆಯನ್ನೂ ಗ್ರಾಫ್ ಪುಸ್ತಕವನ್ನೂ ನೋಡಿ ಹುಬ್ಬೇರಿಸಿದ. ಸುಧಾ ತಟ್ಟನೆ, "ಅಕ್ಕಾರು ಗಣಿತದ ಸಂಶೋಧನಾ ನಡಸ್ಯಾರ್ರೀ," ಎಂದುಬಿಟ್ಟಳು. ಗೋಪಣ್ಣ ಬ್ಯಾಗಿನಿಂದ ಬಾಳೆಹಣ್ಣು ತೆಗೆದಿಟ್ಟು, ಅಕ್ಕನ ತಲೆಯ ಮೇಲಿಂದಲೇ ನನ್ನನ್ನು ಕೇಳಿದ: "ಪಾಪ, ಮಾತಾಡಿದ್ದು ಆಕೀಗೆ ತಿಳಿತದೇನು?" ಅಕ್ಕನ ನಾಲಿಗೆ ಅಷ್ಟರಲ್ಲಿ ತೊಡರತೊಡಗಿತ್ತು. ಆದರೂ ಒಂದೊಂದೇ ಅಕ್ಷರ ಜೋಡಿಸಿ ಹೇಳಿದಳು: "ಗೋಪ್ಯಾ, ಎಂಟನೇ ಕ್ಲಾಸಿನಾಗ ನಿನಗ ತಿಳಿತಿದ್ದಿಲ್ಲ. ನನಗ ಈಗೂ ತಿಳಿತದ." ಮೂರು ಗಂಟೆ ಕೂತು, ಎರಡು ಸಲ ಚಹಾ ಕುಡಿದು ಅವರು ಹೋದರು. ಡೊಳ್ಯಾ ಅಷ್ಟೂ ಹೊತ್ತು ಕಾಲು ಚಾಚಿ ಕುಣಿಯ ಮೇಲೆ ತೂಗುತ್ತಿದ್ದ. ಬಾಗಿಲು ಹಾಕಿ ಬಂದಾಗ ಅಕ್ಕ ಕೇಳಿದ್ದು ಒಂದೇ: "ಎಷ್ಟನೇ ಫ್ರೇಮು?"

ನಾವು ಜಗಳವಾಡಿದ್ದು ಆರನೆಯ ಹಂತದಲ್ಲಿ. ಅದೊಂದು ಗುಹೆ. ಬಾಗಿಲು ಈ ತುದಿಗೆ, ಅದರ ಕೀಲಿಕೈ ಆ ತುದಿಗೆ. ಅಲ್ಲಿಯವರೆಗೆ ಹೋಗಿ ಕೀಲಿಕೈ ತೆಗೆದುಕೊಂಡು ಬಂದ ದಾರಿಯಲ್ಲೇ ಮರಳಬೇಕು. ಅಕ್ಕ ಯೋಚಿಸಿ ಹೇಳಿದಳು: ಕೀಲಿಕೈ ಸಿಕ್ಕ ಕೂಡಲೇ ಡೊಳ್ಯಾನನ್ನು ಪಕ್ಕದ ಕುಣಿಗೆ ಬೀಳಿಸು. ಡೊಳ್ಯಾನಿಗೆ ಮೂರು ಜೀವ ಉಂಟು. ಒಂದು ಹೋದರೆ ಆಟ ಅವನನ್ನು ಬಾಗಿಲ ಹತ್ತಿರವೇ ಮತ್ತೆ ಹುಟ್ಟಿಸುತ್ತದೆ. ಕೀಲಿಕೈ ಕೈಯಲ್ಲೇ ಇರುತ್ತದೆ. ಹನ್ನೊಂದು ಸೆಕೆಂಡು ಉಳಿತಾಯ.

ಆಗೋದಿಲ್ಲ ಎಂದೆ. ಇಷ್ಟು ಕಷ್ಟಪಟ್ಟು ಒಂದು ಪೆಟ್ಟೂ ತಾಗದಂತೆ ತಂದು, ಈಗ ಬೇಕೆಂದೇ ಕೊಲ್ಲುವುದು ಅನ್ಯಾಯ ಎಂದೆ. ನನ್ನ ದನಿ ಏರಿತು. ಹಿಂದಿನ ವಾರವಷ್ಟೇ ಡಾಕ್ಟರು ಉಸಿರಾಟದ ಯಂತ್ರದ ಮಾತು ತೆಗೆದಿದ್ದರು. ಅಕ್ಕ ಬೇಡವೆಂದಿದ್ದಳು. ಗಂಟಲಿಗೆ ತೂತು ಮಾಡಿ, ಯಂತ್ರ ಹಚ್ಚಿ, ಇನ್ನಷ್ಟು ವರ್ಷ ಮಲಗಿರುವುದು ತನಗೆ ಬೇಡ ಎಂದು ಸ್ಪಷ್ಟವಾಗಿ ಹೇಳಿ ಕಾಗದಕ್ಕೆ ತನ್ನ ಹೆಬ್ಬೆಟ್ಟು ಒತ್ತಿಸಿದ್ದಳು. ಅಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಒಂದು ಗೊಂಬೆಯ ಸಲುವಾಗಿ ಬಡಿದಾಡುತ್ತಿದ್ದೆ.

ಅಕ್ಕ ನಾನು ಕೂಗುವುದು ನಿಲ್ಲಿಸುವವರೆಗೆ ಕಾದಳು. ಆಮೇಲೆ ತೊದಲುತ್ತ ಕೇಳಿದಳು, "ರಾಘ್ಯಾ, ನೀ ನನ್ನ ಬಗ್ಗೆ ಮಾತಾಡ್ಲಿಕತ್ತೀಯೋ, ಡೊಳ್ಯಾನ ಬಗ್ಗೆಯೋ?"

ನಾನು ಲ್ಯಾಪ್‌ಟಾಪಿನ ಕಡೆ ತಿರುಗಿದೆ.

"ಡೊಳ್ಯಾನ ಬಗ್ಗೆ ಇದ್ರ, ಹನ್ನೊಂದು ಸೆಕೆಂಡು ಬಿಡ್ಲಿಕ್ಕೆ ಆಗೂದಿಲ್ಲ. ನನ್ನ ಬಗ್ಗೆ ಇದ್ರ, ಮೊದಲ ಮೂಗು ಒರಸ್ಕೋ, ಆಮ್ಯಾಲೆ ಹೇಳು."

ಮೂಗು ಒರೆಸಿಕೊಂಡೆ. ಹೇಳುವುದೆಲ್ಲ ಅವಳಿಗೆ ಗೊತ್ತೇ ಇತ್ತು. ಡೊಳ್ಯಾನನ್ನು ಕುಣಿಗೆ ಬೀಳಿಸಿದೆ. ಎರಡು ಫ್ರೇಮು ತಡವಾಯಿತು. ಅಕ್ಕ ಮತ್ತೆ ಬೀಳಿಸೆಂದಳು. ಅಂದು ಸಂಜೆ ಅವನನ್ನು ಒಂಬತ್ತು ಸಲ ಕೊಂದೆ.

ಏಳನೆಯ ಹಂತದ ಹೊತ್ತಿಗೆ ಮಾತು ಪೂರ್ತಿ ಹೋಯಿತು. ಉಳಿದದ್ದು ಕಣ್ಣು. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಅಲ್ಲ, ಮುಚ್ಚಿಯೇ ಇಟ್ಟರೆ ನೀನು ದಡ್ಡ. ಮೊದಲೆರಡಕ್ಕಿಂತ ಮೂರನೆಯದೇ ಹೆಚ್ಚು ಬಳಕೆಯಲ್ಲಿತ್ತು. ನಾನು ಒಂದೊಂದೇ ಗುಂಡಿಯ ಹೆಸರು ಹೇಳುವುದು, ಅವಳು ಮಿಟುಕಿಸುವುದು. ಒಂದು ಸಂಜೆಗೆ ಅರ್ಧ ಸೆಕೆಂಡಿನ ಆಟವಾದರೆ ದೊಡ್ಡದು. ಜಗತ್ತಿನಲ್ಲಿ ಅಕ್ಕನಿಗಾಗಿ ಅಷ್ಟು ಹೊತ್ತು ನಿಂತು ಕಾಯುವ ಬೇರೆ ಯಾವ ಕೆಲಸವೂ ಉಳಿದಿರಲಿಲ್ಲ. ಆದರೂ ಅವಳು ನನಗಿಂತ ಮುಂದಿದ್ದಳು. ಎಂಟನೆಯ ಹಂತದ ಬಹುಪಾಲನ್ನು ಮಾತು ಇದ್ದಾಗಲೇ ಪುಸ್ತಕದಲ್ಲಿ ಬರೆಸಿಟ್ಟಿದ್ದಳು. ಬರೆಸದೆ ಬಾಕಿ ಉಳಿದದ್ದು ಕಡೆಯ ನಲವತ್ತು ಸೆಕೆಂಡು ಮಾತ್ರ.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಕೌಂಟರಿನಲ್ಲಿ ಒಬ್ಬ ಅಜ್ಜನ ರಿಜಿಸ್ಟರ್ ಪತ್ರಕ್ಕೆ ಮುದ್ರೆ ಒತ್ತುತ್ತಿದ್ದಾಗ ಸುಧಾಳ ಫೋನು ಬಂತು. "ಲಗೂನ ಬರ್ರಿ," ಎಂದಳು. ಆಮೇಲೆ, "ಲಗೂ ಏನ್ ಬ್ಯಾಡ್ರಿ, ಸಾವಕಾಶ ಗಾಡಿ ಹೊಡಕೊಂಡ ಬರ್ರಿ," ಎಂದಳು. ಅರ್ಥವಾಯಿತು. ಅಜ್ಜನಿಗೆ ರಸೀದಿ ಕೊಟ್ಟು ಎದ್ದೆ. ಹದಿಮೂರನೆಯ ದಿನ ಊಟದ ಪಂಕ್ತಿಯಲ್ಲಿ ಗೋಪಣ್ಣ ಎಲ್ಲರಿಗೂ ಹೇಳುತ್ತಿದ್ದ: "ಕೊನೀತನಕಾ ಗಣಿತದ ಸಂಶೋಧನಾ ಬಿಡಲಿಲ್ಲ ನೋಡ್ರಿ ಆಕಿ." ನಾನು ಅವನನ್ನು ತಿದ್ದಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಡೆಯ ನಲವತ್ತು ಸೆಕೆಂಡನ್ನು ನಾನೊಬ್ಬನೇ ಮಾಡಿದೆ. ಎರಡು ತಿಂಗಳು ಹಿಡಿಯಿತು. ಗುಂಡಿ ಒತ್ತುವ ಮೊದಲು ಪ್ರತಿ ಸಲ ಹಾಸಿಗೆಯ ಕಡೆ ತಿರುಗಿ ನೋಡುತ್ತಿದ್ದೆ. ಸುಧಾ ಕಡೆಗೆ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದಳು. ಮುಗಿದ ಮೇಲೆ ಇಂಥವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಆ ಪಂಗಡದವರಿಗೆ, ಇಬ್ಬರ ಹೆಸರೂ ಹಾಕಿ ಕಳಿಸಿದೆ. ಯಾವ ದೇಶದವನೋ ಗೊತ್ತಿಲ್ಲ, ಒಬ್ಬ ಪರೀಕ್ಷಕ ಉತ್ತರ ಬರೆದ. ಬಹಳ ವಿನಯದ ಮನುಷ್ಯ. ಓಟ ಅದ್ಭುತವಾಗಿದೆ, ಗೋಡೆಗೆ ಬೆನ್ನು ಹಚ್ಚುವ ಉಪಾಯವನ್ನು ತಾನು ಕಂಡೇ ಇರಲಿಲ್ಲ ಎಂದ. ಆಮೇಲೆ ಬರೆದಿದ್ದ: ಕೊನೆಯ ನಲವತ್ತು ಸೆಕೆಂಡು ಮಾತ್ರ ಬೇರೆ ಯಾರದೋ ಕೈಯಂತೆ ಕಾಣುತ್ತದೆ. ಅಲ್ಲಿ ಸುಮಾರು ಸಮಯ ಉಳಿಸಬಹುದು. ಮೊದಲಿನ ಭಾಗ ಮಾಡಿದವರೇ ಅದನ್ನೂ ಮಾಡಲಿ ಎಂದು ದಯವಿಟ್ಟು ಅವರಿಗೆ ತಿಳಿಸಿ.

ನಮ್ಮ ಮನೆ ನೋಡದ, ನಮ್ಮ ಮುಖ ನೋಡದ ಒಬ್ಬ ಮನುಷ್ಯ ಬರೀ ಗುಂಡಿ ಒತ್ತಿದ್ದನ್ನು ನೋಡಿ ಅಕ್ಕ ಎಲ್ಲಿಗೆ ಮುಗಿದಳು, ನಾನು ಎಲ್ಲಿ ಶುರುವಾದೆ ಎಂದು ಗುರುತಿಸಿದ್ದ. "ತಿಳಿಸುತ್ತೇನೆ" ಎಂದು ಬರೆದೆ. ಅಂದಿನಿಂದ ಪ್ರತಿ ರವಿವಾರ ಗ್ರಾಫ್ ಪುಸ್ತಕ ಬಿಚ್ಚಿಕೊಂಡು ಅಕ್ಕನ ಹಾಗೆ ಯೋಚಿಸಲು ಕೂಡುತ್ತೇನೆ. ಮೂರು ತಿಂಗಳಲ್ಲಿ ಹನ್ನೊಂದು ಫ್ರೇಮು ಉಳಿಸಿದ್ದೇನೆ. ಸೆಕೆಂಡಿನ ಐದನೆಯ ಒಂದು ಭಾಗವೂ ಆಗುವುದಿಲ್ಲ. ಮೊನ್ನೆ ಆ ಮನುಷ್ಯ ಮತ್ತೆ ಬರೆದಿದ್ದ, ಅವರಿಗೆ ತಿಳಿಸಿದಿರಾ ಎಂದು. ತಿಳಿಸಿದ್ದೇನೆ, ಅವರ ಕೆಲಸ ಸ್ವಲ್ಪ ನಿಧಾನ ಎಂದು ಉತ್ತರಿಸಿದೆ. ವೈಜಯಂತಿ ಟೀಚರನ್ನು ನಿಧಾನ ಎಂದ ಮೊದಲ ದಡ್ಡ ನಾನೇ ಇರಬೇಕು.