ಚಿಕ್ಕೇರೂರಿನಲ್ಲಿ ಬಿದ್ದ ಕುದುರೆ

ಸಂಗೀತ ಬಾರದವರಿಂದ ಜಗತ್ತಿಗೆ ಅಪಾಯವಿಲ್ಲ. ಪೂರ್ತಿ ಬರುವವರಿಂದಲೂ ಇಲ್ಲ. ಅಪಾಯವಿರುವುದು ಅರ್ಧ ಬಂದವರಿಂದ; ಅದರಲ್ಲೂ ಅವರ ಕೈಗೆ ಪಿಟೀಲು ಸಿಕ್ಕರೆ ಕೇಳುವುದೇ ಬೇಡ. ಇದನ್ನು ಅನುಭವದಿಂದ, ಅಂದರೆ ಬೇರೆಯವರು ಅನುಭವಿಸಿದ್ದನ್ನು ನೋಡಿ, ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿಗ್ಗಾಂವಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಆಗ ನಾವು ಮೂವರು ಸೇರಿ ಒಂದು ಪಿಟೀಲು ಮೇಳ ಕಟ್ಟಿದ್ದೆವು. ಹಾನಗಲ್ಲಿನ ವೀರಭದ್ರಪ್ಪ ಮಾಸ್ತರರು ಹಿಂದುಸ್ತಾನಿ ಕಲಿತವರು. ಸವಣೂರಿನ ದಸ್ತಗೀರಸಾಬರು ದರ್ಜಿ. ಮದುವೆಯ ಕಾಲದಲ್ಲಿ ಬ್ಯಾಂಡಿನವರು. ಕವ್ವಾಲಿ, ಗಝಲು, ಇಂಗ್ಲಿಷ್ ಮಾರ್ಚು, ಏನು ಕೇಳಿದರೂ ಅವರ ಕಮಾನಿನ ತುದಿಯಲ್ಲಿರುತ್ತಿತ್ತು. ನಾನು ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಹೆಡ್ ಮಾಸ್ತರರೊಬ್ಬರ ಹತ್ತಿರ ಕರ್ನಾಟಕ ಪದ್ಧತಿ ಕಲಿತಿದ್ದೆ. ಅವರು ಎರಡೇ ವರ್ಷಕ್ಕೆ ಮತ್ತೆ ವರ್ಗ ಮಾಡಿಸಿಕೊಂಡು ಹೋದರು. ಅದಕ್ಕೆ ನಾನೇ ಕಾರಣವೆಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು.

ಮೇಳದ ಮೊದಲ ಜಗಳ ರಾಗದ್ದಲ್ಲ, ಕೂಡುವುದರದು. ನನಗೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿದರೇ ಕೈ ಆಡುವುದು. ದಸ್ತಗೀರಸಾಬರು ಗದ್ದಕ್ಕೆ ಒತ್ತಿ ನಿಂತೇ ನುಡಿಸುವವರು. ಒಮ್ಮೆ ಕುಳಿತು ನೋಡಿ ಎಂದದ್ದಕ್ಕೆ ಅವರು ಗಂಭೀರವಾಗಿ, "ಬ್ಯಾಂಡಿನಾಗ ಕುಂತ್ರ ಮೆರವಣಿಗಿ ಮುಂದ ಹೋಗಿಬಿಡ್ತೈತ್ರಿ" ಎಂದರು. ಕೊನೆಗೆ ಅವರು ನಿಲ್ಲುವುದು, ನಾನು ಕೂಡುವುದು, ಮಾಸ್ತರರು ಕುರ್ಚಿಯಲ್ಲಿ ನಡುವೆ ಇರುವುದು ಎಂದು ತೀರ್ಮಾನವಾಯಿತು. ಹೀಗೆ ಮೆಟ್ಟಿಲಿನ ಹಾಗೆ ಜೋಡಿಸಿಕೊಂಡು ಭಾನುವಾರಗಳಲ್ಲಿ ಬಸ್ಸು ಹತ್ತಿ ಊರೂರು ತಿರುಗಿದೆವು. ದಾಸರ ಪದ ಹೋಗಿ ಕವ್ವಾಲಿಗೆ ತಾಗಿ, ಅಲ್ಲಿಂದ ತತ್ವಪದಕ್ಕೆ ಹೊರಳಿ ಮಾರ್ಚಿನಲ್ಲಿ ಮುಗಿಯುತ್ತಿತ್ತು. ಹುಲಗೂರಿನಲ್ಲಿ ಜನ ತಲೆದೂಗಿದರು. ಅಬಲೂರಿನಲ್ಲಿ ಹಿರಿಯರೊಬ್ಬರು ಎಲ್ಲ ಚೆನ್ನಾಗಿದೆ, ಕೆಳಗೆ ಕುಳಿತವರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಚಿಕ್ಕೇರೂರಿನ ಶಾಲೆಯ ಕಾರ್ಯಕ್ರಮಕ್ಕೆ ನನ್ನ ಹೆಂಡತಿ ಶಾರದೆಯೂ ಹೊರಟಳು. ಅವಳ ಅಕ್ಕನನ್ನು ಆ ಊರಿಗೆ ಕೊಟ್ಟಿತ್ತು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ನನ್ನ ಕಚೇರಿಗೆ ಬಂದದ್ದು ಅದೇ ಮೊದಲು. ಕಚೇರಿ ಎಂದರೆ ಸಂಗೀತದ್ದು. ಬೀಗರೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಇವತ್ತು ನನ್ನ ಪಿಟೀಲೇ ಮೇಲೆ ಕೇಳಬೇಕೆಂದು ತಂತಿಗಳನ್ನು ಅಳತೆ ಮೀರಿ ಬಿಗಿದೆ.

ಎರಡನೆಯ ಹಾಡಿನ ನಡುವೆ ಟಪ್ಪೆಂದು ಸದ್ದಾಯಿತು. ತಂತಿಗಳನ್ನು ಎತ್ತಿಹಿಡಿಯುವ ಮರದ ಪುಟ್ಟ ತುಂಡಿಗೆ ಕುದುರೆ ಎನ್ನುತ್ತಾರೆ. ಅದು ಮಗುಚಿ ಬಿತ್ತು. ನಾಲ್ಕೂ ತಂತಿಗಳು ಒಣಗಲು ಹಾಕಿದ ಶಾವಿಗೆಯಂತೆ ಜೋತುಬಿದ್ದವು. ಎದ್ದು ಹೋಗೋಣವೆಂದರೆ ಎದುರಿಗೆ ಬೀಗರು. ಕಣ್ಣು ಮುಚ್ಚಿ, ಕಮಾನನ್ನು ತಂತಿಗೆ ತಾಗದಂತೆ ಗಾಳಿಯಲ್ಲೇ ಎಳೆಯತೊಡಗಿದೆ. ಅಪಸ್ವರದ ಭಯವಿಲ್ಲದ್ದರಿಂದ ಕೈ ಎಂದೂ ಇಲ್ಲದಷ್ಟು ಸಲೀಸಾಗಿ ಆಡಿತು. ತಲೆಯನ್ನೂ ಕುಣಿಸಿದೆ. ಜನ ವಾಹ್ವಾ ಎಂದರು. ಮುಕ್ಕಾಲು ಗಂಟೆ ಹಾಗೇ ನುಡಿಸಿದೆ. ಮೇಳಕ್ಕೆ ಅಂಥ ಚಪ್ಪಾಳೆ ಹಿಂದೆ ಬಿದ್ದಿರಲಿಲ್ಲ.

ಮುಗಿದ ಮೇಲೆ ದಸ್ತಗೀರಸಾಬರು ಬಗ್ಗಿ ನನ್ನ ಪಿಟೀಲು ನೋಡಿದರು. ಬಿದ್ದ ಕುದುರೆಯನ್ನು ಎತ್ತಿ ಮೆಲ್ಲಗೆ ನನ್ನ ಜೇಬಿಗೆ ಹಾಕಿ, "ದುರುಸ್ತಿಗೆ ಏನೂ ಅವಸರ ಇಲ್ಲ ತಗೋರಿ" ಎಂದರು.

ಶಾರದೆಯ ಅಕ್ಕನ ಮನೆಯಲ್ಲಿ ಚಹಾ ಕೊಟ್ಟು ಎಲ್ಲರೂ ಹೊಗಳಿದರು. ನಾನು ಬೇಡವೆನ್ನದೆ ಸ್ವೀಕರಿಸಿದೆ. ಬಸ್ ನಿಲ್ದಾಣದ ದಾರಿಯಲ್ಲಿ ಶಾರದೆ, "ಎರಡನೇ ಹಾಡಿನಾಗ ನಿಮ್ಮ ಪಿಟೀಲು ಬಂದ್ ಬಿತ್ತಲ್ರಿ?" ಎಂದಳು.

ನಿನಗೆ ಹೇಗೆ ಗೊತ್ತಾಯಿತೆಂದು ಬೆಪ್ಪಾಗಿ ಕೇಳಿದೆ.

"ಮನ್ಯಾಗ ಹನ್ನೊಂದು ವರ್ಷ ಕೇಳೇನಿ. ನಿಮ್ಮ ದನಿ ಇಲ್ಲದ್ದು ತಿಳಿಯಂಗಿಲ್ಲೇನು?"

ಅಷ್ಟು ಜನರಲ್ಲಿ ನನ್ನ ದನಿ ಹುಡುಕಿದ ಜೀವ ಇದೊಂದೇ. ಧೈರ್ಯ ಮಾಡಿ, ಹಾಗಾದರೆ ಏನೋ ಕಳೆದುಕೊಂಡ ಹಾಗೆ ಅನಿಸಿರಬೇಕಲ್ಲ ಎಂದೆ. ಅವಳು ಬಸ್ಸು ಬಂತೇ ಎಂದು ಮುಂದೆ ಇಣುಕಿ ನೋಡಿದಳು.

"ಸುಳ್ಳು ಯಾಕ ಹೇಳ್ಲಿ? ಭಾಳ ಆರಾಮ ಅನಿಸ್ತು."

ಕೇಳುಗರ ಅಭಿಪ್ರಾಯಕ್ಕೆ ಕಲಾವಿದನಾದವನು ಅಷ್ಟೆಲ್ಲ ಬೆಲೆ ಕೊಡಬಾರದೆಂದು ನಿರ್ಧರಿಸಿ, ಮರುದಿನ ಬೆಳಿಗ್ಗೆಯೇ ಕುದುರೆ ನಿಲ್ಲಿಸಿ ಕಮಾನು ಹಿಡಿದೆ. ಶಾರದೆ ನೀರಿಗೆ ಹೋಗಿ ಬರುತ್ತೇನೆಂದು ಹೊರಟಳು. ಕೊಡ ಒಲೆಯ ಪಕ್ಕದಲ್ಲೇ ಇತ್ತು.